ಕೆಡುವ ಯಂತ್ರಗಳಿಂದ ಕೆಡದ ವ್ಯವಸ್ಥೆ

ಸುಗ್ಗಿಯ ದಿನಗಳಲ್ಲಿ ಶಿವಮೊಗ್ಗದ ಅಡಿಕೆ ಮಾರುಕಟ್ಟೆಗೆ ಹೋದವರಿಗೆ ಕಾಣುವ ನೋಟ ಬಹುಮಟ್ಟಿಗೆ ಹಳೆಯದೇ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿದ ಅಡಿಕೆಯ ಚೀಲಗಳು ಮಂಡಿಗಳಲ್ಲಿ ಸಾಲಾಗಿ ಇರುತ್ತವೆ. ವರ್ತಕರು ಬಂದು ಮಾದರಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾರೆ; ಒಂದೆರಡು ಅಡಿಕೆಯನ್ನು ಕತ್ತರಿಸಿ ಪರೀಕ್ಷಿಸುತ್ತಾರೆ. ಹೊಸದಾಗಿರುವುದು ಬೆಲೆಯನ್ನು ತಿಳಿಸುವ ಕ್ರಮ. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯೆಂಬ ಗಣಕ ವ್ಯವಸ್ಥೆ ಆರಂಭವಾಯಿತು. ಇದರಲ್ಲಿ ರೈತನ ಸರಕಿಗೆ ಒಂದು ಸಂಖ್ಯೆ ದೊರೆಯುತ್ತದೆ. ವರ್ತಕರು ಗೊತ್ತಾದ ಗಡುವಿನೊಳಗೆ ತಮ್ಮ ತಮ್ಮ ಬೆಲೆಯನ್ನು ಗಣಕದ ಮೂಲಕ ನಮೂದಿಸುತ್ತಾರೆ. ಗಡುವು ಮುಗಿದ ಮೇಲೆ ಅತಿ ಹೆಚ್ಚಿನ ಬೆಲೆ ಪ್ರಕಟವಾಗುತ್ತದೆ.

ಗಡುವು ಇರುವೆಡೆಯಲ್ಲೆಲ್ಲ ಜನ ಕೊನೆಯ ಗಳಿಗೆಯಲ್ಲಿ ಮುತ್ತುವುದು ಲೋಕಸ್ವಭಾವ. ಆ ಕೊನೆಯ ಅರ್ಧ ಗಂಟೆಯಲ್ಲಿ ವ್ಯವಸ್ಥೆ ನಿಂತುಹೋಯಿತೆಂದು ಭಾವಿಸೋಣ. ಹತ್ತು ಮಂದಿ ಬೆಲೆ ಹಾಕಬೇಕಾಗಿದ್ದ ಸರಕಿಗೆ ಇಬ್ಬರೇ ಹಾಕಿರಬಹುದು. ಭದ್ರಾವತಿಯ ಕಡೆಯ ಹಳ್ಳಿಯಿಂದ ಬಾಡಿಗೆಯ ವಾಹನದಲ್ಲಿ ಚೀಲಗಳನ್ನು ತಂದ ರೈತನಿಗೆ ಅದು ಒಂದು ವರ್ಷದ ದುಡಿಮೆಯ ಬೆಲೆ. ಸಹಕಾರ ಸಂಘದ ಸಾಲದ ಕಂತು, ಕೊನೆ ಕೊಯ್ದವರ ಕೂಲಿ, ಮಕ್ಕಳ ಕಾಲೇಜಿನ ಶುಲ್ಕ ಎಲ್ಲವೂ ಆ ಅರ್ಧ ಗಂಟೆಗೆ ಕಟ್ಟುಬಿದ್ದಿವೆ.

ತಾಲ್ಲೂಕು ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ "ಸರ್ವರ್ ಇಲ್ಲ" ಎಂಬ ಎರಡು ಮಾತುಗಳನ್ನು ಕೇಳದವರು ವಿರಳ. ದೂರದಲ್ಲಿದ್ದು ಸಾವಿರಾರು ಜನರ ಕೋರಿಕೆಗಳಿಗೆ ಉತ್ತರ ಕೊಡುವ ಗಣಕಯಂತ್ರವೇ ಸರ್ವರ್. ಅದು ನಿಲ್ಲದಂತೆ ಮಾಡುವುದು ಹೇಗೆ? ಎಂದಿಗೂ ಕೆಡದ ಯಂತ್ರವೊಂದನ್ನು ತಂದಿಟ್ಟರಾಯಿತು ಎಂದು ನಮಗೆ ಸಹಜವಾಗಿ ತೋರುತ್ತದೆ. ಆದರೆ ಅಂತಹ ಯಂತ್ರ ಲೋಕದಲ್ಲಿಲ್ಲ. ಮಾಹಿತಿಯನ್ನಿಡುವ ತಟ್ಟೆಗಳು ಸವೆಯುತ್ತವೆ, ವಿದ್ಯುತ್ತು ಕೈಕೊಡುತ್ತದೆ, ರಸ್ತೆ ಅಗೆಯುವವರ ಯಂತ್ರಕ್ಕೆ ಸಿಕ್ಕಿ ನೆಲದಡಿಯ ತಂತಿ ತುಂಡಾಗುತ್ತದೆ, ಮನುಷ್ಯನ ಕೈಯೂ ತಪ್ಪುತ್ತದೆ. ಆದುದರಿಂದ ತಂತ್ರಜ್ಞರು ಪ್ರಶ್ನೆಯನ್ನೇ ಬದಲಾಯಿಸಿಕೊಂಡಿದ್ದಾರೆ: ಯಂತ್ರಗಳು ಕೆಟ್ಟೇ ಕೆಡುತ್ತವೆ, ಹಾಗಿದ್ದರೂ ಕೆಲಸ ಕೆಡದಂತೆ ಮಾಡುವುದು ಹೇಗೆ?

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿದಾಗ ಅಲ್ಲಿನ ಊದುಕುಲುಮೆ ಇದ್ದಿಲಿನಿಂದ ಉರಿಯುತ್ತಿತ್ತು. ಊದುಕುಲುಮೆಯನ್ನು ಸಂಜೆ ಆರಿಸಿ ಬೆಳಗ್ಗೆ ಹೊತ್ತಿಸಲಾಗದು. ತಣ್ಣಗಾದರೆ ಕರಗಿದ ಕಬ್ಬಿಣ ಒಡಲಲ್ಲೇ ಹೆಪ್ಪುಗಟ್ಟುತ್ತದೆ. ಆದುದರಿಂದ ಗಾಳಿ, ಇದ್ದಿಲು, ಅದಿರು ಮೂರೂ ಹಗಲಿರುಳು ಒದಗುತ್ತಲೇ ಇರಬೇಕು. ಇಂತಹ ಕುಲುಮೆಯನ್ನು ನಡೆಸುವವರಿಗೆ ಬದಲಿ ಏರ್ಪಾಡೆಂಬುದು ಆಡಂಬರವಲ್ಲ, ಪ್ರಾಣ.

ವಿದ್ಯುಚ್ಛಕ್ತಿಯ ವಿಷಯದಲ್ಲಿ ಈ ತತ್ತ್ವ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮೇಲೆದ್ದು ಶರಾವತಿ ವಿದ್ಯುದಾಗಾರ ಕೆಲಸಕ್ಕೆ ತೊಡಗಿತು. ಶರಾವತಿಯ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಆದರೆ ಅದನ್ನು ಒಂದೇ ದೈತ್ಯ ಯಂತ್ರದಿಂದ ಪಡೆಯದೆ ತಲಾ 103.5 ಮೆಗಾವಾಟಿನ ಹತ್ತು ಯಂತ್ರಗಳಿಗೆ ಹಂಚಿದ್ದಾರೆ. ಒಂದು ದುರಸ್ತಿಗೆ ನಿಂತರೆ ಒಂಬತ್ತು ಉಳಿದಿರುತ್ತವೆ. ನಾಡಿನಲ್ಲಿ ಬಳಕೆ ಏರಿದರೆ ಯಂತ್ರಗಳ ವೇಗ ಕಿಂಚಿತ್ ಕುಗ್ಗುತ್ತದೆ. ಸೆಕೆಂಡಿಗೆ 50 ಆವರ್ತನೆಗಳೆಂಬ ಲೆಕ್ಕ ಅಷ್ಟರಮಟ್ಟಿಗೆ ಇಳಿಯುತ್ತದೆ. ಕೂಡಲೇ ವೇಗನಿಯಂತ್ರಕವು ಅದನ್ನು ಅರಿತು, ನೀರಿನ ದ್ವಾರವನ್ನು ಇನ್ನಷ್ಟು ತೆರೆಯುತ್ತದೆ. ಅಳೆಯುವುದು, ಅರಿಯುವುದು, ಹೊಂದಿಕೊಳ್ಳುವುದು ಎಂಬ ಮೂರು ಕ್ರಿಯೆಗಳು ಯಾರೂ ಹೇಳದೆ ನಡೆಯುತ್ತವೆ.

ಇಂದಿನ ಗಣಕ ವ್ಯವಸ್ಥೆಗಳನ್ನು ಕಟ್ಟುವುದೂ ಇದೇ ರೀತಿಯಲ್ಲಿ. ಒಂದು ದೊಡ್ಡ ಸರ್ವರಿಗೆ ಬದಲಾಗಿ ಅನೇಕ ಸಣ್ಣ ಸರ್ವರುಗಳನ್ನು ಇಟ್ಟು, ಅವುಗಳ ಮುಂದೆ ಹೊರೆಯನ್ನು ಹಂಚುವ ಯಂತ್ರವೊಂದನ್ನು ನಿಲ್ಲಿಸುತ್ತಾರೆ. ಅದು ಕೆಲವು ಸೆಕೆಂಡುಗಳಿಗೊಮ್ಮೆ ಪ್ರತಿಯೊಂದು ಸರ್ವರನ್ನೂ "ಇರುವೆಯಾ?" ಎಂದು ವಿಚಾರಿಸುತ್ತದೆ. ಉತ್ತರ ಬಾರದಿದ್ದರೆ ಅದಕ್ಕೆ ಹೊಸ ಕೆಲಸ ಕೊಡುವುದನ್ನು ನಿಲ್ಲಿಸುತ್ತದೆ. ಹಂಚುವ ಯಂತ್ರವೇ ಕೆಟ್ಟರೆ? ಅದಕ್ಕೂ ಒಂದು ಜೊತೆ ಇರುತ್ತದೆ. ಕೋರಿಕೆಗಳು ಹೆಚ್ಚಿದಾಗ ಇನ್ನಷ್ಟು ಸರ್ವರುಗಳು ತಾವಾಗಿ ಕೆಲಸಕ್ಕೆ ಸೇರುತ್ತವೆ. ಇಳಿದಾಗ ಹಿಂದೆ ಸರಿಯುತ್ತವೆ. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹತ್ತಾರು ಮಂದಿಯನ್ನು ಕರೆದು, ಸುಗ್ಗಿ ಮುಗಿದ ಮೇಲೆ ಕಳುಹಿಸಿಕೊಡುವ ಮಲೆನಾಡಿನ ಮನೆಯ ಲೆಕ್ಕಾಚಾರವೇ ಇದು.

ಹೀಗೆ ಜೋಡಿಸುವುದರ ಲಾಭವನ್ನು ಲೆಕ್ಕಹಾಕಿ ನೋಡಬಹುದು. ಒಂದು ಯಂತ್ರ ನೂರು ದಿನಗಳಲ್ಲಿ ಒಂದು ದಿನ ಕೆಡುವುದಾದರೆ, ಎರಡು ಯಂತ್ರಗಳು ಒಂದೇ ದಿನ ಕೆಡುವ ಸಂಭವ ಹತ್ತು ಸಾವಿರ ದಿನಗಳಲ್ಲಿ ಒಂದು. ಆದರೆ ಈ ಗಣಿತ ಸತ್ಯವಾಗಬೇಕಾದರೆ ಎರಡೂ ಪರಸ್ಪರ ಸ್ವತಂತ್ರವಾಗಿರಬೇಕು. ಎರಡಕ್ಕೂ ಒಂದೇ ವಿದ್ಯುತ್ ತಂತಿ ಇದ್ದರೆ ತಂತಿ ಹೋದಾಗ ಎರಡೂ ಹೋದಂತೆಯೇ. ಆದುದರಿಂದಲೇ ಎರಡನೆಯ ಕೇಂದ್ರವನ್ನು ಬೇರೆ ಊರಿನಲ್ಲಿ, ಬೇರೆ ವಿದ್ಯುತ್ ಮಾರ್ಗದ ಮೇಲೆ ಇಡುತ್ತಾರೆ.

ಇಲ್ಲಿ ಒಂದು ತೊಡಕಿದೆ. ಯಂತ್ರಗಳನ್ನು ಹೆಚ್ಚಿಸುವುದು ಸುಲಭ. ಲೆಕ್ಕದ ಪುಸ್ತಕವನ್ನು ಹೆಚ್ಚಿಸುವುದು ಸುಲಭವಲ್ಲ. ಒಂದು ಪುಸ್ತಕದಲ್ಲಿ ಸರಕು ರಾಮಣ್ಣನಿಗೂ ಇನ್ನೊಂದರಲ್ಲಿ ಭೀಮಣ್ಣನಿಗೂ ಮಾರಾಟವಾಗಿದ್ದರೆ ಯಾವುದು ನಿಜ? ಇದಕ್ಕೆ ಕಂಡುಕೊಂಡ ಉಪಾಯ ಬಹುಮತದ ನ್ಯಾಯ. ಮೂರು ಕಡೆ ಪುಸ್ತಕವಿಟ್ಟು, ಎರಡು ಕಡೆಯಾದರೂ ದಾಖಲಾದ ಮೇಲೆಯೇ ಬರಹ ಸ್ಥಿರವಾಯಿತೆಂದು ತಿಳಿಯುತ್ತಾರೆ. ಸಂಪರ್ಕ ಕಡಿದು ಒಂಟಿಯಾಗಿ ಉಳಿದ ಯಂತ್ರ ತಾನಾಗಿಯೇ ಬರೆಯುವುದನ್ನು ನಿಲ್ಲಿಸುತ್ತದೆ. ತಪ್ಪು ಉತ್ತರಕ್ಕಿಂತ ಮೌನ ಮೇಲು ಎಂಬ ವಿವೇಕ ಅದರಲ್ಲಿದೆ.

ಇಷ್ಟೆಲ್ಲ ಇದ್ದರೂ ಪ್ರವಾಹ ಬರಬಹುದು. ನಮ್ಮ ಹಿರಿಯರು ಕೆರೆ ಕಟ್ಟುವಾಗ ಏರಿಯಷ್ಟೇ ಜಾಗರೂಕತೆಯಿಂದ ಕೋಡಿಯನ್ನೂ ಕಟ್ಟಿದರು. ಹೆಚ್ಚಾದ ನೀರು ಕೋಡಿಯಿಂದ ಹರಿದು ಕೆಳಗಿನ ಕೆರೆಗೆ ಹೋಗಬೇಕು. ಇಲ್ಲವಾದರೆ ಏರಿಯೇ ಒಡೆಯುತ್ತದೆ. ಗಣಕ ವ್ಯವಸ್ಥೆಗೂ ಕೋಡಿ ಬೇಕು ಎಂಬುದನ್ನು 2025ರ ಏಪ್ರಿಲ್ 12ರ ಘಟನೆ ತೋರಿಸಿಕೊಟ್ಟಿತು. ಅಂದು ಯುಪಿಐ ಮೂಲಕ ಹಣ ಪಾವತಿ ದೇಶದ ನಾನಾ ಕಡೆ ಕೆಲವು ಗಂಟೆಗಳ ಕಾಲ ಅಸ್ತವ್ಯಸ್ತವಾಯಿತು. ವಿಚಾರಿಸಿ ನೋಡಿದಾಗ ತಿಳಿದುಬಂದ ಕಾರಣ ಸ್ವಾರಸ್ಯವಾದುದು: "ಆ ಹಣ ಸಂದಾಯವಾಯಿತೇ?" ಎಂದು ಕೆಲವು ಬ್ಯಾಂಕುಗಳ ಗಣಕಗಳು ಮತ್ತೆ ಮತ್ತೆ ಕೇಳಿದ ವಿಚಾರಣೆಗಳ ಹೊರೆಯೇ ವ್ಯವಸ್ಥೆಯನ್ನು ಬಗ್ಗಿಸಿತ್ತು. ಬಾಗಿಲು ತೆರೆಯಲು ತಡವಾದಾಗ ಎಲ್ಲರೂ ಒಟ್ಟಿಗೆ ಬಾಗಿಲನ್ನು ತಳ್ಳಿದರೆ ಒಳಗಿರುವವನಿಗೆ ಅಗುಳಿ ತೆಗೆಯಲೂ ಆಗದಷ್ಟೆ.

ಇದಕ್ಕೆ ಪರಿಹಾರ ಮೂರು ಬಗೆಯದು. ಮೊದಲನೆಯದು, ಉತ್ತರ ಬಾರದಿದ್ದರೆ ಕೇಳುವವನು ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು ಹೊತ್ತು ಕಾದು ಕೇಳುವುದು. ಎರಡನೆಯದು, ಕೇಳುವ ಸಲಗಳಿಗೆ ಮಿತಿ ಹಾಕುವುದು. 2025ರ ಆಗಸ್ಟ್ 1ರಿಂದ ಒಂದು ಯುಪಿಐ ಆ್ಯಪ್‌ನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಖಾತೆಯ ಶಿಲ್ಕನ್ನು ನೋಡಲಾಗದೆಂಬ ನಿಯಮ ಬಂದುದು ಹೀಗೆ. ಮೂರನೆಯದು, ಮುಖ್ಯವಾದುದನ್ನು ಉಳಿಸಿ ಉಳಿದುದನ್ನು ತಡೆಹಿಡಿಯುವುದು. ನಮ್ಮ ಅಡಿಕೆಯ ಮಾರುಕಟ್ಟೆಯಲ್ಲಾದರೆ, ಗಡುವಿನ ಹೊತ್ತಿನಲ್ಲಿ ಕಳೆದ ತಿಂಗಳ ವರದಿಯನ್ನು ಕೇಳಿದವನು ಸ್ವಲ್ಪ ಕಾಯಲಿ. ಬೆಲೆ ನಮೂದಿಸುವವನಿಗೆ ದಾರಿ ತೆರೆದಿರಲಿ.

ವ್ಯವಸ್ಥೆಯೊಂದು ಶೇಕಡ 99.9ರಷ್ಟು ಕಾಲ ನಡೆಯುತ್ತದೆಂದು ಹೇಳುವುದನ್ನು ವಾಚಕರು ಕೇಳಿರಬಹುದು. ವರ್ಷದ 8,760 ಗಂಟೆಗಳಲ್ಲಿ ಅದು ಸುಮಾರು ಎಂಟೂ ಮುಕ್ಕಾಲು ಗಂಟೆ ನಿಲ್ಲಬಹುದೆಂದು ಇದರ ಅರ್ಥ. 99.99 ಎಂದರೆ ಸುಮಾರು 53 ನಿಮಿಷ. ಆದರೆ ಈ ಅಂಕಿ ಎಲ್ಲವನ್ನೂ ಹೇಳುವುದಿಲ್ಲ. ನಡುರಾತ್ರಿಯಲ್ಲಿ ಎಂಟು ಗಂಟೆ ನಿಂತರೆ ಮಂಡಿಯಲ್ಲಿ ಯಾರಿಗೂ ತಿಳಿಯದು. ಗಡುವಿನ ಮುನ್ನ ಇಪ್ಪತ್ತು ನಿಮಿಷ ನಿಂತರೆ ಒಂದು ಮನೆಯ ವರ್ಷದ ಲೆಕ್ಕವೇ ತಲೆಕೆಳಗಾದೀತು. ಆದುದರಿಂದ ವ್ಯವಸ್ಥೆಯನ್ನು ಅಳೆಯಬೇಕಾದುದು ಯಂತ್ರದ ಕೊಠಡಿಯಿಂದಲ್ಲ, ಚೀಲದ ಪಕ್ಕದಲ್ಲಿ ಕುಳಿತ ರೈತನ ಕಡೆಯಿಂದ. ವ್ಯವಸ್ಥೆ ನಿಂತಷ್ಟು ಹೊತ್ತು ಗಡುವೂ ಮುಂದಕ್ಕೆ ಹೋಗಬೇಕೆಂಬ ಒಂದು ಸರಳ ನಿಯಮ ಎಷ್ಟೋ ಸರ್ವರುಗಳಿಗಿಂತ ಬೆಲೆಯುಳ್ಳದ್ದು.

ಜೋಗದ ಬೆಳಕನ್ನು ಮನೆಯಲ್ಲಿ ಬಳಸುವವರು ನೀರಿನ ದ್ವಾರವನ್ನು ನೆನೆಯುವುದಿಲ್ಲ. ಗಣಕ ವ್ಯವಸ್ಥೆಯೂ ಹಾಗೆಯೇ ಮರೆತುಹೋಗುವಷ್ಟು ಚೆನ್ನಾಗಿ ನಡೆಯಬೇಕು. ರೈತ ತನ್ನ ಅಡಿಕೆಗೆ ಸಲ್ಲಬೇಕಾದ ಬೆಲೆಯನ್ನು ಪಡೆದು, ಸಂಜೆಯ ಬಸ್ಸಿಗೆ ಊರು ಸೇರಿದನೆಂದರೆ, ಆ ದಿನ ಎಲ್ಲೋ ಎರಡು ಯಂತ್ರಗಳು ಕೆಟ್ಟಿದ್ದುದು ಅವನಿಗೆ ತಿಳಿಯಬೇಕಾಗಿಯೇ ಇಲ್ಲ.