ವಸತಿ ವಾಹನದಲ್ಲಿ ಅಮೆರಿಕ ಪ್ರವಾಸ: ನವೆಂಬರ್ ತಿಂಗಳ ಯೋಜನೆ ಮತ್ತು ವೆಚ್ಚದ ಲೆಕ್ಕ

ದೀಪಾವಳಿಯ ವ್ಯಾಪಾರ ಮುಗಿದು, ಲೆಕ್ಕಪರಿಶೋಧನೆಗೆ ಒಳಪಟ್ಟವರು ಅಕ್ಟೋಬರ್ 31ರ ಗಡುವಿನೊಳಗೆ ಆದಾಯ ವಿವರ ಸಲ್ಲಿಸಿದ ಬಳಿಕ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ತುಸು ಬಿಡುವು ದೊರೆಯುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ಅನೇಕ ಸದಸ್ಯರು ಈ ಅವಧಿಯನ್ನೇ ಆರಿಸಿಕೊಳ್ಳುತ್ತಾರೆ. ವಾಹನ ಬಿಡಿಭಾಗಗಳ ತಯಾರಕರಿಗೆ ಲಾಸ್ ವೇಗಾಸ್ ನಗರದಲ್ಲಿ ಸಾಮಾನ್ಯವಾಗಿ ನವೆಂಬರ್ ಮೊದಲ ವಾರದ ಹೊತ್ತಿಗೆ ನಡೆಯುವ ಆಪೆಕ್ಸ್ ಮತ್ತು ಸೀಮಾ ಪ್ರದರ್ಶನಗಳೂ ಒಂದು ನಿಮಿತ್ತವಾಗುತ್ತವೆ. ಇಂತಹ ಸಂದರ್ಭದಲ್ಲಿ ಆರ್.ವಿ. ಎಂದು ಕರೆಯಲಾಗುವ ವಸತಿ ವಾಹನವನ್ನು ಬಾಡಿಗೆಗೆ ಪಡೆದು ಆ ದೇಶವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸುತ್ತುವ ವಿಚಾರ ಮನೆಯಲ್ಲಿ ಪ್ರಸ್ತಾಪವಾಗುವುದು ಸಹಜ. ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಜೊತೆಯಲ್ಲೇ ಇರುವುದರಿಂದ ಸಸ್ಯಾಹಾರಿಗಳಿಗೂ ವಯೋವೃದ್ಧರಿಗೂ ಇದು ಅನುಕೂಲಕರವೆಂಬುದು ನಿಜ. ಆದರೆ ಜಾಹೀರಾತಿನಲ್ಲಿ ಕಾಣುವ ದಿನಬಾಡಿಗೆಯನ್ನಷ್ಟೇ ನೋಡಿ ನಿರ್ಧರಿಸುವುದು ಸರಿಯಲ್ಲ. ವೆಚ್ಚ, ಹವಾಮಾನ, ಕರಾರು ಹಾಗೂ ತೆರಿಗೆ ಈ ನಾಲ್ಕು ಅಂಶಗಳನ್ನು ಮುಂದೆ ವಿವರಿಸಲಾಗಿದೆ.

ವೆಚ್ಚದ ಸ್ವರೂಪ

ಯಾವುದೇ ಉತ್ಪಾದನಾ ಘಟಕದಂತೆ ಇಲ್ಲಿಯೂ ವೆಚ್ಚವು ಎರಡು ಬಗೆಯದು. ದಿನಬಾಡಿಗೆ, ತಂಗುದಾಣದ ಶುಲ್ಕ, ವಿಮೆ ಇವು ದಿನಗಳನ್ನು ಅವಲಂಬಿಸಿದವು. ಇಂಧನ ಹಾಗೂ ಅನೇಕ ಕಂಪನಿಗಳು ವಿಧಿಸುವ ಮೈಲಿ ಶುಲ್ಕ ದೂರವನ್ನು ಅವಲಂಬಿಸಿದವು. ವಾಹನವನ್ನು ಪಡೆದ ಊರಿನಲ್ಲಿಯೇ ಹಿಂದಿರುಗಿಸದಿದ್ದಲ್ಲಿ ಏಕಮುಖ ಪ್ರಯಾಣದ ಶುಲ್ಕವೂ ಸೇರುತ್ತದೆ.

ಲಾಸ್ ಏಂಜಲೀಸ್ ಬಳಿಯ ಸಾಂಟಾ ಮೋನಿಕಾದಿಂದ ಫ್ಲಾರಿಡಾ ರಾಜ್ಯದ ಜ್ಯಾಕ್ಸನ್‌ವಿಲ್‌ವರೆಗೆ ಸಾಗುವ 10ನೇ ಅಂತರರಾಜ್ಯ ಹೆದ್ದಾರಿಯ ಉದ್ದ ಸುಮಾರು 2,460 ಮೈಲಿ. ಅಕ್ಕಪಕ್ಕದ ಸ್ಥಳಗಳ ಭೇಟಿಯೂ ಸೇರಿ 3,000 ಮೈಲಿ, ಅಂದರೆ ಸುಮಾರು 4,830 ಕಿ.ಮೀ. ಎಂದು ಎಣಿಸೋಣ. ನಾಲ್ವರ ಕುಟುಂಬಕ್ಕೆ ಹೊಂದುವ, ಪೆಟ್ರೋಲ್ ಎಂಜಿನ್ನಿನ ವಾಹನವು ಒಂದು ಗ್ಯಾಲನ್‌ಗೆ ಸುಮಾರು 8 ಮೈಲಿ, ಅಂದರೆ ಲೀಟರಿಗೆ 3.4 ಕಿ.ಮೀ. ಮಾತ್ರ ಓಡುತ್ತದೆ. ಈ ಕೆಳಗಿನ ದರಗಳನ್ನು ಲೆಕ್ಕದ ವಿಧಾನ ತೋರಿಸಲೆಂದು ಇಟ್ಟುಕೊಳ್ಳಲಾಗಿದೆ. ಸದಸ್ಯರು ತಮಗೆ ದೊರೆತ ದರಪಟ್ಟಿಯ ಅಂಕಿಗಳನ್ನು ಆ ಸ್ಥಾನದಲ್ಲಿ ತುಂಬಿಕೊಳ್ಳತಕ್ಕದ್ದು.

ಹದಿನೈದು ರಾತ್ರಿ, 3,000 ಮೈಲಿ (ಡಾಲರ್‌ಗಳಲ್ಲಿ):
1. ಬಾಡಿಗೆ, ರಾತ್ರಿಗೆ 120ರಂತೆ: 1,800
2. ಮೈಲಿ ಶುಲ್ಕ, ಮೈಲಿಗೆ 40 ಸೆಂಟ್‌ನಂತೆ: 1,200
3. ಇಂಧನ, 375 ಗ್ಯಾಲನ್, ಗ್ಯಾಲನ್‌ಗೆ 3.50ರಂತೆ: 1,313
4. ತಂಗುದಾಣ, ರಾತ್ರಿಗೆ 50ರಂತೆ: 750
5. ಏಕಮುಖ ಶುಲ್ಕ: 700
6. ವಿಮೆ, ಪಾತ್ರೆ ಮತ್ತು ಹಾಸಿಗೆ ಸಾಮಗ್ರಿ: 450
7. ಜನರೇಟರ್, ಅಡುಗೆ ಅನಿಲ: 150
ಒಟ್ಟು: 6,363

ದಿನಬಾಡಿಗೆಯು ಒಟ್ಟು ವೆಚ್ಚದ ಶೇ. 28 ಮಾತ್ರ ಎಂಬುದನ್ನು ಗಮನಿಸಬೇಕು. ಇದೇ ಪ್ರವಾಸವನ್ನು ಬಾಡಿಗೆ ಕಾರಿನಲ್ಲಿ ಮಾಡಿ ಮೋಟೆಲ್‌ಗಳಲ್ಲಿ ಎರಡು ಕೋಣೆ ಪಡೆದರೆ, ಕಾರಿಗೆ 900, ಏಕಮುಖ ಶುಲ್ಕ ಮತ್ತು ವಿಮೆಗೆ 750, ಗ್ಯಾಲನ್‌ಗೆ 30 ಮೈಲಿಯಂತೆ ಇಂಧನಕ್ಕೆ 350, ಕೋಣೆಗಳಿಗೆ 3,000, ಹೊರಗೆ ಊಟ ಮಾಡುವುದರಿಂದ ತಗಲುವ ಹೆಚ್ಚುವರಿ ವೆಚ್ಚ 1,050 ಸೇರಿ 6,050 ಡಾಲರ್ ಆಗುತ್ತದೆ. ಅಂದರೆ ದೇಶವನ್ನು ದಾಟುವ ಪ್ರವಾಸದಲ್ಲಿ ವಸತಿ ವಾಹನದಿಂದ ಉಳಿತಾಯವೇನೂ ಆಗಲಿಲ್ಲ.

ಈಗ ಅದೇ ಹದಿನೈದು ರಾತ್ರಿಗಳನ್ನು ಇಟ್ಟುಕೊಂಡು, ಲಾಸ್ ಏಂಜಲೀಸ್‌ನಿಂದ ಜೋಶುವಾ ಟ್ರೀ ಹಾಗೂ ಅರಿಜೋನಾದ ಟೂಸಾನ್‌ವರೆಗೆ ಹೋಗಿ ಹಿಂದಿರುಗುವ 1,000 ಮೈಲಿಯ ಸುತ್ತನ್ನು ಪರಿಗಣಿಸೋಣ. ಮೈಲಿ ಶುಲ್ಕ 400, ಇಂಧನ 438 ಆಗಿ, ಏಕಮುಖ ಶುಲ್ಕ ಇಲ್ಲವಾಗಿ, ಒಟ್ಟು 3,988 ಡಾಲರ್‌ಗೆ ಇಳಿಯುತ್ತದೆ. ಕಾರು ಮತ್ತು ಮೋಟೆಲ್ ವ್ಯವಸ್ಥೆಯಲ್ಲಿ ಇದೇ ಸುತ್ತಿಗೆ ಸುಮಾರು 5,317 ಡಾಲರ್ ಬೇಕು. ಇಲ್ಲಿ 1,300 ಡಾಲರ್‌ಗೂ ಮಿಕ್ಕಿ ಉಳಿತಾಯವಿದೆ.

ಕಾರಣ ಸ್ಪಷ್ಟ. ವಸತಿ ವಾಹನದ ಪ್ರತಿ ಹೆಚ್ಚುವರಿ ಮೈಲಿಗೆ ಸುಮಾರು 84 ಸೆಂಟ್, ಕಾರಿಗೆ ಸುಮಾರು 12 ಸೆಂಟ್. ನಮ್ಮ ಲಾರಿ ಮಾಲೀಕರ ಲೆಕ್ಕದಲ್ಲಿ ಗಾಡಿ ನಿಂತರೆ ನಷ್ಟ, ಓಡಿದರೆ ಲಾಭ. ವಸತಿ ವಾಹನದ ಲೆಕ್ಕ ಇದಕ್ಕೆ ತದ್ವಿರುದ್ಧ: ನಿಂತಷ್ಟೂ ಲಾಭ, ಓಡಿದಷ್ಟೂ ಖರ್ಚು. ಇಡೀ ದೇಶವನ್ನು ದಾಟಲೇಬೇಕೆಂಬ ಆಸೆಯುಳ್ಳವರು ಅದರ ಬೆಲೆಯನ್ನು ಅರಿತು ಹೊರಡುವುದು ಒಳಿತು.

ಮಾರ್ಗವನ್ನು ನಿರ್ಧರಿಸುವುದು ಹವಾಮಾನ

ಬೇಸಿಗೆಯಲ್ಲಿ ಇಷ್ಟಬಂದ ಮಾರ್ಗ ಹಿಡಿಯಬಹುದು, ನವೆಂಬರ್‌ನಲ್ಲಿ ಹಾಗಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ ಹೋಗುವ 80ನೇ ಹೆದ್ದಾರಿಯು ಡಾನರ್ ಶಿಖರದ ಬಳಿ 7,200 ಅಡಿಗೂ, ವಯೋಮಿಂಗ್ ರಾಜ್ಯದಲ್ಲಿ 8,600 ಅಡಿಗೂ ಏರುತ್ತದೆ. ಹಿಮ ಬಿದ್ದಾಗ ಚಕ್ರಗಳಿಗೆ ಸರಪಳಿ ಕಡ್ಡಾಯವಾಗಬಹುದು. ಬಿರುಗಾಳಿಗೆ ರಸ್ತೆಯೇ ಮುಚ್ಚಬಹುದು. 40ನೇ ಹೆದ್ದಾರಿಯೂ ಫ್ಲ್ಯಾಗ್‌ಸ್ಟಾಫ್ ಬಳಿ ಸುಮಾರು 7,000 ಅಡಿ ಎತ್ತರದಲ್ಲಿದೆ. ಯೆಲ್ಲೋಸ್ಟೋನ್ ಉದ್ಯಾನದ ಬಹುತೇಕ ರಸ್ತೆಗಳು ನವೆಂಬರ್ ಆರಂಭದಲ್ಲಿ ವಾಹನಗಳಿಗೆ ಮುಚ್ಚುತ್ತವೆ. ಆದುದರಿಂದ ಹೊಸಬರಿಗೆ ದಕ್ಷಿಣದ 10ನೇ ಹೆದ್ದಾರಿಯೇ ಯೋಗ್ಯ. ಅಲ್ಲಿಯೂ ನ್ಯೂ ಮೆಕ್ಸಿಕೋ ಹಾಗೂ ಪಶ್ಚಿಮ ಟೆಕ್ಸಾಸ್ ಭಾಗದ ರಾತ್ರಿಗಳಲ್ಲಿ ತಾಪಮಾನ ಶೂನ್ಯಕ್ಕಿಂತ ಕೆಳಗಿಳಿಯಬಹುದು.

ಹೆಪ್ಪುಗಟ್ಟುವ ನೀರೇ ಈ ಋತುವಿನ ದೊಡ್ಡ ಅಪಾಯ. ವಾಹನದ ನೀರಿನ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿ ಕೊಳವೆ ಒಡೆದರೆ ದುರಸ್ತಿಯ ವೆಚ್ಚ ಬಾಡಿಗೆದಾರನ ಮೇಲೆ ಬೀಳಬಹುದು. ಚಳಿಯ ರಾತ್ರಿಗಳಲ್ಲಿ ಹೊರಗಿನ ನಲ್ಲಿಯ ಸಂಪರ್ಕ ಕಳಚಿ, ಒಳಗಿನ ತೊಟ್ಟಿಯ ನೀರನ್ನೇ ಬಳಸಿ, ಹೀಟರನ್ನು ಚಾಲನೆಯಲ್ಲಿಡಬೇಕು. ಹೀಟರ್ ಅನಿಲದಿಂದ ಉರಿದರೂ ಅದರ ಪಂಖ ಬ್ಯಾಟರಿಯಿಂದ ತಿರುಗುತ್ತದೆ. ಬೆಳಗಿನ ಜಾವ ಬ್ಯಾಟರಿ ಬರಿದಾದರೆ ಶಾಖವೂ ಇಲ್ಲ. ಆದಕಾರಣ ಅಂತಹ ರಾತ್ರಿಗಳಲ್ಲಿ ಹಣ ಉಳಿಸಲೆಂದು ಬಯಲಿನಲ್ಲಿ ನಿಲ್ಲದೆ ವಿದ್ಯುತ್ ಸಂಪರ್ಕವಿರುವ ತಂಗುದಾಣ ಪಡೆಯುವುದು ಕ್ಷೇಮ. ಕಾರ್ಬನ್ ಮೊನಾಕ್ಸೈಡ್ ಸೂಚಕ ಕೆಲಸ ಮಾಡುತ್ತಿದೆಯೇ ಎಂದು ಮೊದಲ ದಿನವೇ ಪರೀಕ್ಷಿಸತಕ್ಕದ್ದು. ಅಡುಗೆ ಒಲೆಯನ್ನು ಕೋಣೆ ಬೆಚ್ಚಗಾಗಿಸಲು ಎಂದಿಗೂ ಬಳಸಕೂಡದು.

ಹಗಲಿನ ಅವಧಿಯೂ ಸೀಮಿತ. ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುವುದರಿಂದ ಲಾಸ್ ವೇಗಾಸ್‌ನಲ್ಲಿ ತಿಂಗಳ ಮಧ್ಯದಲ್ಲಿ ಸಂಜೆ 4.30ರ ಸುಮಾರಿಗೆ ಸೂರ್ಯಾಸ್ತವಾಗುತ್ತದೆ. ಪೂರ್ವಕ್ಕೆ ಹೋಗುವವರು ಮೂರು ಕಾಲವಲಯಗಳ ಗಡಿ ದಾಟುವಾಗ ಒಟ್ಟು ಮೂರು ಗಂಟೆ ಕಳೆದುಕೊಳ್ಳುತ್ತಾರೆ. ದಿನಕ್ಕೆ 300 ಮೈಲಿಗಿಂತ ಹೆಚ್ಚು ಓಡಿಸಬಾರದು, ಮಧ್ಯಾಹ್ನ 3 ಗಂಟೆಯೊಳಗೆ ತಂಗುದಾಣ ಸೇರಬೇಕು ಎಂಬುದು ಅಲ್ಲಿನ ಅನುಭವಿಗಳ ನಿಯಮ. ಟೆಕ್ಸಾಸ್ ರಾಜ್ಯವೊಂದರಲ್ಲೇ ಈ ಹೆದ್ದಾರಿ ಸುಮಾರು 880 ಮೈಲಿ ಇದ್ದು, ಅದಕ್ಕೇ ಮೂರು ದಿನ ಬೇಕು. ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದು ಮುಂದಿನ ದಿನಗಳಲ್ಲಿ ರಸ್ತೆಗಳು ತುಂಬಿರುವುದರಿಂದ ಆ ವಾರ ಒಂದೇ ಸ್ಥಳದಲ್ಲಿ ತಂಗಲು ಮುಂಚಿತವಾಗಿ ಕಾಯ್ದಿರಿಸಬೇಕು.

ಕರಾರು, ಪರವಾನಗಿ, ಪ್ರವೇಶ ಶುಲ್ಕ

ಬಾಡಿಗೆ ಕರಾರಿನಲ್ಲಿ ನಾಲ್ಕು ವಿಷಯಗಳನ್ನು ಓದಿಯೇ ಸಹಿ ಮಾಡಬೇಕು: ಉಚಿತ ಮೈಲಿ ಎಷ್ಟು, ಹೆಪ್ಪುಗಟ್ಟುವಿಕೆಯಿಂದಾದ ಹಾನಿ ಯಾರ ಹೊಣೆ, ಛಾವಣಿ ಮತ್ತು ತಳಭಾಗದ ಹಾನಿಗೆ ವಿಮೆ ಇದೆಯೇ, ಚಾಲಕರೆಂದು ಯಾರ ಹೆಸರುಗಳಿವೆ. ಈ ವಾಹನಗಳು 11ರಿಂದ 12 ಅಡಿ ಎತ್ತರವಿರುವುದರಿಂದ ಛಾವಣಿಯ ಅಂಶ ಮುಖ್ಯ. ಹೆಸರು ನಮೂದಾಗದವರು ಓಡಿಸಿ ಅಪಘಾತವಾದರೆ ವಿಮೆ ದೊರೆಯದಿರಬಹುದು. ನಮ್ಮ ಚಾಲನಾ ಪರವಾನಗಿಯ ಜೊತೆಗೆ ಇಲ್ಲಿನ ಪ್ರಾದೇಶಿಕ ಸಾರಿಗೆ ಕಚೇರಿ ನೀಡುವ ಅಂತಾರಾಷ್ಟ್ರೀಯ ಚಾಲನಾ ಅನುಮತಿ ಪತ್ರವನ್ನು ಒಯ್ಯುವುದು ಸೂಕ್ತ. ಪ್ರವಾಸ ಆರೋಗ್ಯ ವಿಮೆಯಲ್ಲಿ ಹಿರಿಯರ ಹಳೆಯ ಕಾಯಿಲೆಗಳ ಬಗ್ಗೆ ಏನಿದೆಯೆಂದು ಲಿಖಿತವಾಗಿ ತಿಳಿದುಕೊಳ್ಳಬೇಕು.

2026ರ ಜನವರಿ 1ರಿಂದ ಗ್ರ್ಯಾಂಡ್ ಕ್ಯಾನ್ಯನ್ ಸೇರಿದಂತೆ 11 ರಾಷ್ಟ್ರೀಯ ಉದ್ಯಾನಗಳಲ್ಲಿ, ವಾರ್ಷಿಕ ಪಾಸ್ ಇಲ್ಲದ ವಿದೇಶಿ ಪ್ರವಾಸಿಗರಿಂದ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಪಡೆಯಲಾಗುತ್ತಿದೆ. ವಿದೇಶಿಯರ ವಾರ್ಷಿಕ ಪಾಸಿನ ಬೆಲೆ 250 ಡಾಲರ್. ನಾಲ್ವರಿದ್ದಲ್ಲಿ ಪಾಸ್ ಪಡೆಯುವುದೇ ಲಾಭದಾಯಕ.

ತೆರಿಗೆ ಮತ್ತು ಲೆಕ್ಕಪತ್ರ

ಪ್ರದರ್ಶನಕ್ಕೆ ಹೋದ ವೆಚ್ಚ ಬೇರೆ, ನಂತರದ ವಿಹಾರದ ವೆಚ್ಚ ಬೇರೆ. ಸಂಪೂರ್ಣವಾಗಿ ವ್ಯವಹಾರದ ಉದ್ದೇಶಕ್ಕೆ ಆದ ವೆಚ್ಚ ಮಾತ್ರ ಆದಾಯದಿಂದ ಕಳೆಯಲು ಅರ್ಹ. ವಸತಿ ವಾಹನದ ಬಿಲ್ಲನ್ನು ಸಂಸ್ಥೆಯ ಪ್ರವಾಸ ವೆಚ್ಚಕ್ಕೆ ಹಾಕಿದಲ್ಲಿ ಅದು ನಿರಾಕರಣೆಗೆ ಒಳಗಾಗುವುದಲ್ಲದೆ, ಕಂಪನಿಯ ನಿರ್ದೇಶಕರಾಗಿದ್ದಲ್ಲಿ ಅವರ ಕೈಯಲ್ಲಿ ತೆರಿಗೆಗೂ ಒಳಪಡಬಹುದು. ಮಾಲೀಕನ ಸಂಸ್ಥೆಯಾಗಿದ್ದಲ್ಲಿ ಸ್ವಂತ ಖರ್ಚಿನ ಖಾತೆಗೆ ಬರೆಯಬೇಕು. ಪ್ರದರ್ಶನದ ಪ್ರವೇಶ ರಸೀದಿ, ಭೇಟಿಗಳ ವಿವರ, ಆ ದಿನಗಳ ಹೋಟೆಲ್ ಬಿಲ್ ಇವುಗಳನ್ನು ಪ್ರತ್ಯೇಕ ಕಡತದಲ್ಲಿ ಇಡತಕ್ಕದ್ದು.

ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ವ್ಯಕ್ತಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ ಇದೆ. ಇಲ್ಲಿನ ಸಂಸ್ಥೆಯಿಂದ ವಿದೇಶ ಪ್ರವಾಸದ ಪ್ಯಾಕೇಜ್ ಖರೀದಿಸಿದರೆ ಮೂಲದಲ್ಲಿಯೇ ತೆರಿಗೆ ಸಂಗ್ರಹಿಸಲಾಗುತ್ತದೆ. ಅದರ ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗಿರುವುದರಿಂದ ಹಣ ಕಟ್ಟುವ ದಿನದ ದರವನ್ನು ಪರಿಶೀಲಿಸಬೇಕು. ಸಂಗ್ರಹವಾದ ಮೊತ್ತವನ್ನು ಆದಾಯ ವಿವರದಲ್ಲಿ ಜಮಾ ಪಡೆಯಬಹುದು. ಅದನ್ನು ವೆಚ್ಚವೆಂದು ಮರೆತುಬಿಡಬಾರದು.

ಕೊನೆಯದಾಗಿ, ಪ್ರವಾಸದ ಕಾರಣ ಶಾಸನಬದ್ಧ ಗಡುವುಗಳು ಮುಂದಕ್ಕೆ ಹೋಗುವುದಿಲ್ಲ. ಪ್ರತಿ ತಿಂಗಳು 7ರೊಳಗೆ ಮೂಲದಲ್ಲಿ ಕಡಿತ ಮಾಡಿದ ತೆರಿಗೆಯನ್ನು ಕಟ್ಟಬೇಕು. ಮಾಸಿಕ ವಿವರ ಸಲ್ಲಿಸುವವರು 11ರೊಳಗೆ ಮಾರಾಟ ವಿವರವನ್ನೂ 20ರೊಳಗೆ ಜಿಎಸ್‌ಟಿ ಪಾವತಿ ವಿವರವನ್ನೂ ಸಲ್ಲಿಸಬೇಕು. ದೃಢೀಕರಣ ಸಂಖ್ಯೆ ಬರುವ ಮೊಬೈಲ್ ವಿದೇಶದಲ್ಲಿ ಕೆಲಸ ಮಾಡುವಂತೆ, ಇಲ್ಲವೇ ಅಧಿಕೃತ ಸಹಿದಾರರೊಬ್ಬರು ಊರಿನಲ್ಲಿರುವಂತೆ ವ್ಯವಸ್ಥೆ ಮಾಡಿಯೇ ಹೊರಡಬೇಕು.

ಸಾರಾಂಶವಿಷ್ಟು: ದಕ್ಷಿಣದ ಮಾರ್ಗ ಹಿಡಿಯಿರಿ, ಮೈಲಿಗಳನ್ನು ಕಡಿಮೆ ಮಾಡಿ ತಂಗುವ ದಿನಗಳನ್ನು ಹೆಚ್ಚಿಸಿರಿ, ಕರಾರನ್ನು ಓದಿ ಸಹಿ ಮಾಡಿರಿ, ವ್ಯವಹಾರದ ಮತ್ತು ಮನೆಯ ಖರ್ಚನ್ನು ಮೊದಲ ದಿನದಿಂದಲೇ ಬೇರ್ಪಡಿಸಿರಿ. ಒಟ್ಟು ಅಂದಾಜಿನ ಮೇಲೆ ಶೇ. 15ರಷ್ಟನ್ನು ಅನಿರೀಕ್ಷಿತ ವೆಚ್ಚಕ್ಕೆಂದು ಮೀಸಲಿಟ್ಟಲ್ಲಿ, ಹಿಮ ಬಿದ್ದ ದಿನ ವಾಹನವನ್ನು ನಿಲ್ಲಿಸಿ ಮೋಟೆಲ್ ಸೇರಲು ಹಿಂಜರಿಕೆಯಾಗುವುದಿಲ್ಲ.