ಎಪ್ಪತ್ತು, ಬಲವಿದ್ದರೆ ಎಂಬತ್ತು

ಬೈಬಲಿನ 150 ಕೀರ್ತನೆಗಳಲ್ಲಿ ಮೋಶೆಯ ಹೆಸರು ಹೊತ್ತಿರುವುದು ಒಂದೇ: 90ನೆಯದು. ಮನುಷ್ಯನ ಆಯಸ್ಸಿಗೆ ಅದು ಕೊಡುವ ಲೆಕ್ಕ ಎಪ್ಪತ್ತು ವರ್ಷ, ಬಲವಿದ್ದರೆ ಎಂಬತ್ತು. ದೇವರಿಗಾದರೋ ಸಾವಿರ ವರ್ಷವೂ ರಾತ್ರಿಯ ಒಂದು ಜಾವ. ಆಗಿನ ಇಸ್ರಾಯೇಲ್ಯರು ಇರುಳನ್ನು ಮೂರು ಜಾವ ಮಾಡಿ ಕಾವಲು ಕಾಯುತ್ತಿದ್ದರು. ಅಂದರೆ ಸುಮಾರು ನಾಲ್ಕು ಗಂಟೆ, ಅಷ್ಟೇ!

ಬೆಳಿಗ್ಗೆ ಚಿಗುರಿ ಸಂಜೆಗೆ ಬಾಡುವ ಹುಲ್ಲಿನ ಮಾತೂ ಅಲ್ಲಿದೆ. ಇದು ಬರೀ ಕವಿಕಲ್ಪನೆಯಲ್ಲ. ಯೂದಾಯದ ಗುಡ್ಡಗಳು ಚಳಿಗಾಲದ ಮಳೆಗೆ ಹಸಿರಾಗುತ್ತವೆ. ನಡುವೆ ಕೆಂಪು ಹೂಗಳೂ ಅರಳುತ್ತವೆ. ಮಳೆ ನಿಂತು ಮರುಭೂಮಿಯ ಕಡೆಯಿಂದ ಬಿಸಿಗಾಳಿ ಬೀಸಿತೋ, ಮಣ್ಣು ತೆಳುವಾಗಿರುವ ಕಡೆ ಹುಲ್ಲು ನೋಡನೋಡುತ್ತಲೇ ಕಂದಿ ಒಣಗುತ್ತದೆ. ಕುರಿ ಮೇಯಿಸುವ ಜನಕ್ಕೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮೋಶೆಯ ಕಥೆಯನ್ನೂ ನೆನೆಯಿರಿ. ಆತನ ಹಿಂದೆ ಈಜಿಪ್ಟಿನಿಂದ ಹೊರಟ ಇಸ್ರಾಯೇಲ್ಯರ ಒಂದು ಪೀಳಿಗೆಯೇ 40 ವರ್ಷಗಳ ಅಲೆದಾಟದಲ್ಲಿ ಮರಳುಗಾಡಿನಲ್ಲಿ ಮಣ್ಣಾಯಿತು. ಮೋಶೆ ಬದುಕಿದ್ದು 120 ವರ್ಷ. ಆದರೂ ದೇವರು ಕೊಡುವೆನೆಂದಿದ್ದ ನಾಡನ್ನು ನೆಬೋ ಬೆಟ್ಟದ ಮೇಲಿಂದ ಕಣ್ತುಂಬ ನೋಡಿದನೇ ಹೊರತು ಅದರೊಳಗೆ ಕಾಲಿಡಲಿಲ್ಲ.

ಇಂಗ್ಲೆಂಡಿನ 1662ರ ಪ್ರಾರ್ಥನಾ ಪುಸ್ತಕ ಈ ಕೀರ್ತನೆಯನ್ನು ಶವಸಂಸ್ಕಾರದ ವಿಧಿಗೇ ಸೇರಿಸಿತು. ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇದರ ಬೇಡಿಕೆಗಳ ಮೇಲೆ. ಆಯಸ್ಸು ಹೆಚ್ಚಿಸು ಎಂದು ಎಲ್ಲೂ ಕೇಳಿಲ್ಲ. ದಿನಗಳನ್ನು ಎಣಿಸುವ ವಿವೇಕ ಕೇಳುತ್ತದೆ, ಬೆಳಗಿನ ಹೊತ್ತಿಗೆ ಕರುಣೆ ಕೇಳುತ್ತದೆ. ಕೊನೆಗೆ ನಮ್ಮ ಕೈಕೆಲಸ ಸ್ಥಿರವಾಗಿ ಉಳಿಯುವಂತೆ ಮಾಡು ಎಂದು ಬೇಡುತ್ತದೆ, ಅದೂ ಎರಡು ಸಲ.