ಲಕ್ಷ್ಮಿ ಯಾವ ಭಾಷೆಯ ನಟಿ?

‘ಜೂಲಿ’ ಲಕ್ಷ್ಮಿ ಅವರನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಆದರೆ ಅವರು ಯಾವ ಭಾಷೆಯವರು ಎಂದು ಕೇಳಿದರೆ ಮಾತ್ರ ಉತ್ತರ ಒಂದೇ ಆಗಿರುವುದಿಲ್ಲ. ತಮಿಳರು ತಮ್ಮವರೆನ್ನುತ್ತಾರೆ, ತೆಲುಗರೂ ಬಿಟ್ಟುಕೊಡುವುದಿಲ್ಲ. ಕನ್ನಡದ ಪ್ರೇಕ್ಷಕರಂತೂ ಅವರನ್ನು ಹೊರಗಿನವರೆಂದು ಎಣಿಸಿದ್ದೇ ಇಲ್ಲ.

1952ರಲ್ಲಿ ಹುಟ್ಟಿದ ಲಕ್ಷ್ಮಿ ಅವರ ತಂದೆ ವೈ.ವಿ. ರಾವ್ ನೆಲ್ಲೂರು ಮೂಲದ ತೆಲುಗರು. ತಾಯಿ ಕುಮಾರಿ ರುಕ್ಮಿಣಿ ತಮಿಳು ನಟಿ. ಹಾಗಾದರೆ ಕನ್ನಡದ ನಂಟು ಎಲ್ಲಿಂದ ಬಂತು? ಅದು ಮಗಳು ಹುಟ್ಟುವ ಮೊದಲೇ ಇತ್ತು. 1934ರ ಮಾರ್ಚ್‌ನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ನಿರ್ದೇಶಕರು ಇದೇ ವೈ.ವಿ. ರಾವ್. ಕೊಲ್ಹಾಪುರದಲ್ಲಿ ತಯಾರಾದ ಆ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಅಭಿನಯಿಸಿದ್ದರು. ಮರಾಠಿ ನೆಲದಲ್ಲಿ ತೆಲುಗರೊಬ್ಬರ ಕೈಯಲ್ಲಿ ಕನ್ನಡ ಚಿತ್ರ ಮೊದಲ ಮಾತಾಡಿತು!

ಇಂಥ ಬೆರಕೆ ಆಗ ಅಪರೂಪವಲ್ಲ. ನಾಲ್ಕೂ ದಕ್ಷಿಣ ಭಾಷೆಗಳ ಚಿತ್ರಗಳಿಗೆ ಬಹುಕಾಲ ಮದರಾಸಿನ ಸ್ಟುಡಿಯೋಗಳೇ ಆಸರೆ. ಒಂದು ಅಂತಸ್ತಿನಲ್ಲಿ ತಮಿಳು, ಪಕ್ಕದಲ್ಲಿ ಕನ್ನಡ. ಅಲ್ಲಿ ಬೆಳೆದ ಕಲಾವಿದರಿಗೆ ಭಾಷೆ ದಾಟುವುದು ಬೀದಿ ದಾಟಿದಷ್ಟೇ ಸಲೀಸು. ಲಕ್ಷ್ಮಿ 1968ರಲ್ಲಿ ತಮಿಳಿನ ‘ಜೀವನಾಂಶಂ’ನಲ್ಲಿ ನಾಯಕಿಯಾದರು. ಅದೇ ವರ್ಷ ದೊರೈ–ಭಗವಾನ್ ಅವರ ‘ಗೋವಾದಲ್ಲಿ ಸಿಐಡಿ 999’ ಚಿತ್ರದಲ್ಲಿ ರಾಜ್‌ಕುಮಾರ್ ಜೊತೆ ಕಾಣಿಸಿಕೊಂಡರು.

ಅವರಿಗೆ ದೇಶವ್ಯಾಪಿ ಹೆಸರು ತಂದ ಪಾತ್ರವೂ ಬೆರಕೆ ಬದುಕಿನದೇ. ಮಲಯಾಳದ ‘ಚಟ್ಟಕ್ಕಾರಿ’ (1974), ಅದರ ಹಿಂದಿ ರೂಪ ‘ಜೂಲಿ’ (1975) ಎರಡರಲ್ಲೂ ಅವರು ಆಂಗ್ಲೋ ಇಂಡಿಯನ್ ಹುಡುಗಿ. ಹಿಂದೂ ಹುಡುಗನನ್ನು ಪ್ರೀತಿಸಿದ ಜೂಲಿಗೆ ಎರಡೂ ಮನೆಗಳ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಮಿಶ್ರ ಮೂಲದವರನ್ನು ಸಮಾಜ ಮೆಚ್ಚಿ ನೋಡುತ್ತದೆ, ಸೊಸೆಯಾಗಿ ಕರೆಯಲು ಹಿಂಜರಿಯುತ್ತದೆ ಎಂಬ ಕಹಿ ಸತ್ಯ ಆ ಕಥೆಯ ತಿರುಳು. ಆಮೇಲೆ ಜಯಕಾಂತನ್ ಕಾದಂಬರಿ ಆಧರಿಸಿದ ತಮಿಳು ಚಿತ್ರಕ್ಕಾಗಿ 1976ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿಯೂ ಅವರಿಗೆ ಬಂತು.

ಕನ್ನಡದಲ್ಲಿ ‘ನಾ ನಿನ್ನ ಮರೆಯಲಾರೆ’, ‘ಒಲವು ಗೆಲುವು’, ‘ಗಾಳಿ ಮಾತು’ ಅವರನ್ನು ಮನೆಮಾತಾಗಿಸಿದವು. ಇಲ್ಲಿ ಡಬ್ಬಿಂಗ್‌ಗೆ ವಿರೋಧವಿದ್ದ ಕಾಲ ಅದು. ಒಂದು ಭಾಷೆಯ ಕಥೆ ಕನ್ನಡಕ್ಕೆ ಬರಬೇಕಾದರೆ ಮತ್ತೆ ಚಿತ್ರೀಕರಿಸಬೇಕಿತ್ತು. ತಾವೇ ನಿರ್ದೇಶಿಸಿದ ತಮಿಳಿನ ‘ಮಳಲೈ ಪಟ್ಟಾಳಂ’ ಅನ್ನು 1980ರಲ್ಲಿ ಲಕ್ಷ್ಮಿ ‘ಮಕ್ಕಳ ಸೈನ್ಯ’ವಾಗಿ ಕನ್ನಡಕ್ಕೆ ತಂದದ್ದು ಹೀಗೆ.

ಮೈಸೂರಿನವರಿಗೆ ಇನ್ನೂ ಹತ್ತಿರದ್ದು ‘ಹೂವು ಹಣ್ಣು’ (1993). ನಮ್ಮ ಊರಿನಲ್ಲಿ ನೆಲೆಸಿದ್ದ ತ್ರಿವೇಣಿ ಅವರ ಕಾದಂಬರಿ ಅದು. ಮಗಳನ್ನು ಸಾಕಲು ವೇಶ್ಯಾವೃತ್ತಿಗೆ ಇಳಿಯಬೇಕಾಗುವ ವಿಧವೆಯ ಪಾತ್ರ ಲಕ್ಷ್ಮಿ ಅವರಿಗೆ ರಾಜ್ಯಪ್ರಶಸ್ತಿ ತಂದಿತು.

ಆದರೂ ಭಾಷೆಯ ನಿಜವಾದ ಪರೀಕ್ಷೆ ನಡೆದದ್ದು ಕಿರುತೆರೆಯಲ್ಲಿ. ಸಿನಿಮಾದಲ್ಲಿ ಸಂಭಾಷಣೆ ಬರೆದುಕೊಡುವವರಿರುತ್ತಾರೆ; ಬೇಕಾದರೆ ಬೇರೆಯವರ ದನಿಯೂ ಸಿಗುತ್ತದೆ. ಟಿವಿಯಲ್ಲಿ ಕಷ್ಟ ಹೇಳಿಕೊಂಡು ಅಳುವ ಹೆಂಗಸಿಗೆ ತಕ್ಷಣ ಸಮಾಧಾನ ಹೇಳಬೇಕಾದವರಿಗೆ ಆ ಅನುಕೂಲವಿಲ್ಲ. ‘ಇದು ಕಥೆ ಅಲ್ಲ ಜೀವನ’ದ ನಿರೂಪಕಿಯಾಗಿ, 2016ರಲ್ಲಿ ‘ಡ್ರಾಮಾ ಜೂನಿಯರ್ಸ್’ನ ತೀರ್ಪುಗಾರ್ತಿಯಾಗಿ ಲಕ್ಷ್ಮಿ ಆಡಿದ್ದು ತಮ್ಮದೇ ಕನ್ನಡ.

ಹೂಟಗಳ್ಳಿಯಂಥ ಕೈಗಾರಿಕಾ ಬಡಾವಣೆಯಲ್ಲಿ ಅಡುಗೆಮನೆಯಲ್ಲೊಂದು, ಕಾರ್ಖಾನೆಯಲ್ಲೊಂದು ಭಾಷೆ ಆಡುವವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಅಂಥ ಮನೆಗಳ ಮಕ್ಕಳನ್ನು ‘ನೀವು ಯಾವ ಕಡೆಯವರು?’ ಎಂದು ನಾವು ಕೇಳುತ್ತಲೇ ಇರುತ್ತೇವೆ. ತಾಯ್ನುಡಿ ಹುಟ್ಟಿನಿಂದ ಬರುತ್ತದೆ. ಉಳಿದ ನುಡಿಗಳು ದುಡಿಮೆಯಿಂದ ಒಲಿಯುತ್ತವೆ. ಹಾಗೆ ಒಲಿಸಿಕೊಂಡವರಿಗೂ ಕನ್ನಡದ ಮೇಲೆ ಹಕ್ಕಿದೆ.